ಆಸನಗಳು ನುಡಿಯುವ ಇತಿಹಾಸ

ಕಲಬುರಗಿಯ ಕೋಟೆಯನ್ನು ನೋಡಲು ಹೋದವರ ಕಣ್ಣಿಗೆ ಮೊದಲು ಬೀಳುವುದು ಕಲ್ಲು. 1347ರಲ್ಲಿ ಬಹಮನಿ ರಾಜ್ಯವು ಸ್ಥಾಪನೆಯಾದಾಗ ಈ ಊರು ಅದರ ರಾಜಧಾನಿಯಾಯಿತು. ಆ ಕಾಲದ ಗೋಡೆಗಳು, ಕಂದಕ, 1367ರಲ್ಲಿ ಕಟ್ಟಿದ ಜಾಮಿ ಮಸೀದಿ ಇಂದಿಗೂ ನಿಂತಿವೆ. ಬುರುಜುಗಳ ಮೇಲೆ ತೋಪುಗಳೂ ಉಳಿದಿವೆ. ಆದರೆ ಆ ಕೋಟೆಯ ಬಾಗಿಲುಗಳನ್ನು ದಾಟಿ ಹೋದ ಆನೆಗಳ ಮೇಲಿನ ಅಂಬಾರಿಯ ಮೆತ್ತೆಗಳು ಎಲ್ಲಿವೆ? ಕುದುರೆಗಳ ತಡಿಗಳು, ಪಲ್ಲಕ್ಕಿಯ ದಿಂಬುಗಳು, ಬಂಡಿಗಳ ಹಾಸುಗಳು ಏನಾದವು? ಅವುಗಳಲ್ಲಿ ಒಂದೂ ಅಲ್ಲಿ ಕಾಣುವುದಿಲ್ಲ. ಕಲ್ಲು ಮತ್ತು ಕಬ್ಬಿಣಗಳು ಕಾಲವನ್ನು ಎದುರಿಸಿ ಉಳಿಯುತ್ತವೆ. ಮನುಷ್ಯನ ಮೈಗೆ ಎಲ್ಲಕ್ಕಿಂತ ಹತ್ತಿರವಾಗಿದ್ದ ಬಟ್ಟೆ, ತೊಗಲು, ಹತ್ತಿ, ನಾರುಗಳು ಎಲ್ಲಕ್ಕಿಂತ ಮೊದಲು ಅಳಿದುಹೋಗುತ್ತವೆ.

ಆರು ಶತಮಾನಗಳ ಹಿಂದಿನ ವಸ್ತುಗಳಿಗೆ ಆದ ಗತಿಯೇ ನೂರು ವರ್ಷಗಳ ಹಿಂದಿನ ವಾಹನಗಳಿಗೂ ಆಗುತ್ತಿದೆ. ಸಾರೋಟು, ರೈಲುಗಾಡಿಯ ಸಲೂನು, ಮೋಟಾರು ಕಾರು, ಬಸ್ಸು ಇವುಗಳ ಲೋಹದ ಭಾಗಗಳನ್ನು ಜೋಪಾನವಾಗಿ ಉಳಿಸುವವರು ಹಲವರಿದ್ದಾರೆ. ಯಂತ್ರದ ಒಂದು ಭಾಗ ಮುರಿದರೆ ಅದೇ ಅಳತೆಯಲ್ಲಿ ಇನ್ನೊಂದನ್ನು ಎರಕ ಹೊಯ್ಯಬಹುದು. ಬಣ್ಣ ಮಾಸಿದರೆ ಮತ್ತೆ ಬಳಿಯಬಹುದು. ಆದರೆ ಮೂಲ ಆಸನವನ್ನು ಒಮ್ಮೆ ಕಿತ್ತೆಸೆದರೆ, ಅದನ್ನು ನೇಯ್ದ ಮಗ್ಗವಾಗಲಿ, ಹದ ಮಾಡಿದ ಕೈಯಾಗಲಿ, ಹೊಲಿದ ಕ್ರಮವಾಗಲಿ ಮತ್ತೆ ದೊರೆಯುವುದಿಲ್ಲ. ಆದುದರಿಂದ ಹಳೆಯ ವಾಹನದಲ್ಲಿ ಎಲ್ಲಕ್ಕಿಂತ ಅಗ್ಗವಾಗಿ ಕಾಣುವ ಹರಕು ಮೆತ್ತೆಯೇ ಹಲವು ವೇಳೆ ಅದರ ಅತ್ಯಂತ ಅಮೂಲ್ಯವಾದ ಭಾಗವಾಗಿರುತ್ತದೆ.

ಕರ್ನಾಟಕದಲ್ಲಿ ಇಂತಹ ವಾಹನಗಳನ್ನು ಕಾಪಾಡಿಕೊಂಡು ಬಂದಿರುವ ಸ್ಥಳಗಳು ಕೆಲವಿವೆ. 1979ರಲ್ಲಿ ಆರಂಭವಾದ ಮೈಸೂರಿನ ರೈಲು ವಸ್ತುಸಂಗ್ರಹಾಲಯದಲ್ಲಿ 1899ರ ಮಹಾರಾಣಿಯವರ ಸಲೂನು ಇದೆ. ಅಡುಗೆಮನೆಯನ್ನೂ ಒಳಗೊಂಡ ಆ ಗಾಡಿ ಹಳಿಗಳ ಮೇಲೆ ಓಡುವ ಚಿಕ್ಕ ಅರಮನೆಯಂತಿದೆ. ಧರ್ಮಸ್ಥಳದಲ್ಲಿ ಹಳೆಯ ಕಾರುಗಳ ದೊಡ್ಡ ಸಂಗ್ರಹವಿದೆ. ಕಲಬುರಗಿಯು 1948ರವರೆಗೆ ನಿಜಾಮರ ಹೈದರಾಬಾದ್ ಸಂಸ್ಥಾನಕ್ಕೆ ಸೇರಿತ್ತು. ಆ ಸಂಸ್ಥಾನದ ಅರಸರಿಗಾಗಿ ತಯಾರಾದ 1912ರ ರೋಲ್ಸ್ ರಾಯ್ಸ್ ಕಾರು ‘ಸಿಂಹಾಸನದ ಕಾರು’ ಎಂದೇ ಹೆಸರಾಯಿತು. ಅದರ ಹಿಂಬದಿಯ ಆಸನವನ್ನು ಸಿಂಹಾಸನದಂತೆ ಎತ್ತರಿಸಿ ಕೂರಿಸಲಾಗಿತ್ತು. ಅದೇ ಸಂಸ್ಥಾನದಲ್ಲಿ 1932ರಲ್ಲಿ 27 ಬಸ್ಸುಗಳೊಡನೆ ಸರ್ಕಾರದ ಬಸ್ಸು ಸಂಚಾರವೂ ಪ್ರಾರಂಭವಾಯಿತು. ಅರಸನು ಕುಳಿತ ಪೀಠವೂ ಸಾಮಾನ್ಯ ಪ್ರಯಾಣಿಕನು ಕುಳಿತ ಹಲಗೆಯೂ ಇತಿಹಾಸಕ್ಕೆ ಸಮಾನವಾಗಿ ಬೇಕಾದ ಸಾಕ್ಷಿಗಳು.

ಸಾಕ್ಷಿಯ ಮಾತನ್ನು ತಿಳಿಯಬೇಕಾದರೆ ಮೊದಲು ಆಸನದ ರಚನೆಯನ್ನು ತಿಳಿಯಬೇಕು. ಹಳೆಯ ಕಾಲದ ಆಸನವು ಪದರಪದರವಾಗಿ ಕಟ್ಟಿದ ಒಂದು ಕೃತಿ. ಎಲ್ಲಕ್ಕೂ ಕೆಳಗೆ ಮರದ ಚೌಕಟ್ಟು. ಅದರ ಮೇಲೆ ಅಡ್ಡಡ್ಡಲಾಗಿ ಉದ್ದುದ್ದವಾಗಿ ಹೆಣೆದ ಗಟ್ಟಿ ಪಟ್ಟಿಗಳು. ಪಟ್ಟಿಗಳ ಮೇಲೆ ಉಕ್ಕಿನ ಸ್ಪ್ರಿಂಗುಗಳನ್ನು ನಿಲ್ಲಿಸಿ, ಅವು ಓಲಾಡದಂತೆ ಒಂದಕ್ಕೊಂದು ಹುರಿಯಿಂದ ಬಿಗಿಯುತ್ತಿದ್ದರು. ಆ ಸ್ಪ್ರಿಂಗುಗಳ ಮೇಲೆ ಗೋಣಿಯ ತಾಟು, ಅದರ ಮೇಲೆ ಕುದುರೆಕೂದಲು ಇಲ್ಲವೆ ತೆಂಗಿನ ನಾರು, ಅದರ ಮೇಲೆ ಅರಳೆ, ಮತ್ತೆ ಒಂದು ತೆಳುವಾದ ಹತ್ತಿಬಟ್ಟೆ, ಕೊನೆಯಲ್ಲಿ ಹೊರಗಿನ ಹೊದಿಕೆ. ಹೊದಿಕೆಯ ಅಂಚುಗಳನ್ನು ಸಣ್ಣ ಕಬ್ಬಿಣದ ಮೊಳೆಗಳಿಂದ ಚೌಕಟ್ಟಿಗೆ ಬಡಿಯುತ್ತಿದ್ದರು. ಕಣ್ಣಿಗೆ ಕಾಣುವುದು ಕೊನೆಯ ಪದರ ಮಾತ್ರ. ಕುಳಿತವನಿಗೆ ಸುಖ ನೀಡುವುದು ಕಾಣದ ಪದರಗಳು.

ಹೊದಿಕೆಗೆ ಬಳಸುತ್ತಿದ್ದ ವಸ್ತುಗಳಲ್ಲಿ ತೊಗಲು ಮುಖ್ಯವಾದುದು. ಹಸಿ ತೊಗಲು ಕೊಳೆಯದಂತೆ ಹದ ಮಾಡುವ ವಿಧಾನಗಳಲ್ಲಿ ಎರಡು ಪ್ರಧಾನ. ಮರಗಿಡಗಳ ತೊಗಟೆ ಮತ್ತು ಕಾಯಿಗಳ ಒಗರಿನಿಂದ ಹದ ಮಾಡುವುದು ಹಳೆಯ ವಿಧಾನ. ದಖ್ಖನಿನ ಒಣ ಬಯಲುಗಳಲ್ಲಿ ಹಳದಿ ಹೂ ಬಿಟ್ಟು ನಿಲ್ಲುವ ತಂಗಡಿ ಗಿಡದ ತೊಗಟೆ ಮತ್ತು ಅಳಲೆಕಾಯಿ ಈ ಕೆಲಸಕ್ಕೆ ಬಹುಕಾಲ ಬಳಕೆಯಾದವು. ಕ್ರೋಮಿಯಮ್ ಲವಣಗಳಿಂದ ಹದ ಮಾಡುವ ವಿಧಾನವು ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಉದ್ಯಮವಾಗಿ ಬೆಳೆಯಿತು. ಬಣ್ಣವು ಒಳಗಿನವರೆಗೆ ಇಳಿದಿರದಿದ್ದರೆ ತೊಗಲಿನ ಕತ್ತರಿಸಿದ ಅಂಚು ಇವುಗಳ ಭೇದವನ್ನು ಹೇಳುತ್ತದೆ: ತೊಗಟೆಯಿಂದ ಹದಗೊಂಡುದು ಒಳಗೆ ಕಂದು ಬಣ್ಣವಾಗಿರುತ್ತದೆ, ಕ್ರೋಮಿಯಮ್ಮಿನಿಂದ ಹದಗೊಂಡುದು ನೀಲಿ ಅಥವಾ ಹಸಿರು ಬೆರೆತ ಬೂದು ಬಣ್ಣವಾಗಿರುತ್ತದೆ.

ತೊಗಲಿನಂತೆ ಕಂಡರೂ ತೊಗಲಲ್ಲದ ವಸ್ತು ಮತ್ತೊಂದಿದೆ. ಇಂದು ಯಾವ ಊರಿನ ಕುಶನ್ ಅಂಗಡಿಯಲ್ಲಿ ಕೇಳಿದರೂ ಅದನ್ನು ‘ರೆಕ್ಸಿನ್’ ಎನ್ನುತ್ತಾರೆ. ಈ ಹೆಸರು ಮೂಲತಃ ಇಂಗ್ಲೆಂಡಿನ ಮ್ಯಾಂಚೆಸ್ಟರ್ ನಗರದ ಸಮೀಪದಲ್ಲಿ ತಯಾರಾಗುತ್ತಿದ್ದ ಒಂದು ಸರಕಿನದು. ಹತ್ತಿಬಟ್ಟೆಯ ಮೇಲೆ ನೈಟ್ರೋಸೆಲ್ಯುಲೋಸ್, ಕರ್ಪೂರದ ಎಣ್ಣೆ ಮತ್ತು ಬಣ್ಣಗಳ ಮಿಶ್ರಣವನ್ನು ಲೇಪಿಸಿ, ತೊಗಲಿನ ಗೆರೆಗಳನ್ನು ಒತ್ತಿ ಅದನ್ನು ಮಾಡುತ್ತಿದ್ದರು. ಎರಡನೆಯ ಮಹಾಯುದ್ಧದ ಅನಂತರ ಅದರ ಸ್ಥಾನವನ್ನು ಪಿ.ವಿ.ಸಿ. ಪ್ಲಾಸ್ಟಿಕ್ ಲೇಪಿಸಿದ ಬಟ್ಟೆ ಆಕ್ರಮಿಸಿತು. ವಸ್ತು ಬದಲಾಯಿತು, ಹೆಸರು ಮಾತ್ರ ಉಳಿಯಿತು. ಆದುದರಿಂದ ಒಂದು ಆಸನಕ್ಕೆ ರೆಕ್ಸಿನ್ ಹೊದಿಸಿದೆ ಎಂದಷ್ಟೇ ಹೇಳಿದರೆ ಅದರ ಕಾಲವು ತಿಳಿಯುವುದಿಲ್ಲ.

ಇವುಗಳನ್ನು ಗುರುತಿಸಲು ಹೆಚ್ಚಿನ ಉಪಕರಣಗಳು ಬೇಕಾಗಿಲ್ಲ. ಒಂದು ಭೂತಕನ್ನಡಿ ಸಾಕು. ನಿಜವಾದ ತೊಗಲಿನ ಮೇಲ್ಮೈಯಲ್ಲಿ ರೋಮಕೂಪಗಳು ಒಂದು ಕಡೆ ದಟ್ಟವಾಗಿಯೂ ಇನ್ನೊಂದು ಕಡೆ ವಿರಳವಾಗಿಯೂ ಇರುತ್ತವೆ. ಹಿಂಬದಿಯಲ್ಲಿ ಎಳೆಗಳು ಗೋಜುಗೋಜಾಗಿ ಹೆಣೆದುಕೊಂಡಿರುತ್ತವೆ. ಕೃತಕ ತೊಗಲಿನಲ್ಲಿ ಅಚ್ಚಿನ ಗೆರೆಗಳು ಅಳತೆ ತಪ್ಪದೆ ಮರುಕಳಿಸುತ್ತವೆ; ಹಿಂಬದಿಯಲ್ಲಿ ಬಟ್ಟೆಯ ಹಾಸುಹೊಕ್ಕು ಸ್ಪಷ್ಟವಾಗಿ ಕಾಣುತ್ತದೆ. ಕೆಲವು ಕಾರುಗಳಲ್ಲಿ ಮೇಲೆ ಕೂರುವ ಭಾಗಕ್ಕೆ ಮಾತ್ರ ತೊಗಲು ಹಾಕಿ, ಬದಿಗಳಿಗೂ ಬಾಗಿಲುಗಳಿಗೂ ಕೃತಕ ತೊಗಲನ್ನು ಹಾಕುತ್ತಿದ್ದುದುಂಟು. ಆದಕಾರಣ ಒಂದೇ ಕಡೆ ನೋಡಿ ತೀರ್ಮಾನಿಸುವುದು ತಪ್ಪಾಗುತ್ತದೆ.

ಮೂರನೆಯ ಹೊದಿಕೆ ಬಟ್ಟೆ. ಹಿಂದಿನ ಹಲವು ಕಾರುಗಳಲ್ಲಿ ಚಾಲಕನ ಆಸನಕ್ಕೆ ತೊಗಲನ್ನೂ, ಒಡೆಯನು ಕುಳಿತುಕೊಳ್ಳುವ ಹಿಂದಿನ ಆಸನಕ್ಕೆ ಉಣ್ಣೆಯ ಬಟ್ಟೆಯನ್ನೂ ಹಾಕುತ್ತಿದ್ದರು. ಇಂದಿನವರಿಗೆ ಇದು ವಿಚಿತ್ರವಾಗಿ ತೋರಬಹುದು. ತೊಗಲೇ ಹೆಚ್ಚು ಬೆಲೆಯದು ಎಂಬುದು ಇಂದಿನ ಎಣಿಕೆ. ಆದರೆ ಅಂತಹ ಕಾರುಗಳಲ್ಲಿ ಚಾಲಕನ ಜಾಗವು ಮಳೆಬಿಸಿಲುಗಳಿಗೆ ತೆರೆದಿರುತ್ತಿತ್ತು. ತೊಗಲು ಅದನ್ನು ತಾಳುತ್ತಿತ್ತು, ಉಣ್ಣೆ ತಾಳುತ್ತಿರಲಿಲ್ಲ. ಮುಚ್ಚಿದ ಒಳಭಾಗದಲ್ಲಿ ಮೆತ್ತನೆಯ ಉಣ್ಣೆಯೇ ಅಂತಸ್ತಿನ ಗುರುತಾಗಿತ್ತು. ಆಸನದ ಹೊದಿಕೆಯು ಹೀಗೆ ಒಂದು ಕಾಲದ ಸಮಾಜವ್ಯವಸ್ಥೆಯನ್ನೂ ತೋರಿಸಿಕೊಡುತ್ತದೆ.

ಬಟ್ಟೆಯ ಎಳೆ ಯಾವುದೆಂಬುದನ್ನು ಸೂಕ್ಷ್ಮದರ್ಶಕವು ನಿರ್ಣಯಿಸುತ್ತದೆ. ಉಣ್ಣೆಯ ಎಳೆಯ ಮೇಲೆ ಮೀನಿನ ಹುರುಪೆಗಳಂತಹ ಪದರಗಳು ಕಾಣುತ್ತವೆ. ಹತ್ತಿಯ ಎಳೆ ತಿರುಚಿದ ಚಪ್ಪಟೆಯಾದ ಪಟ್ಟಿಯಂತಿರುತ್ತದೆ. ರೇಷ್ಮೆ ನುಣುಪಾಗಿ ಗಾಜಿನ ಕಡ್ಡಿಯಂತೆ ತೋರುತ್ತದೆ. ಎಳೆಯನ್ನು ಸುಟ್ಟು, ವಾಸನೆಯಿಂದ ಗುರುತಿಸುವ ವಿಧಾನವೊಂದು ಪ್ರಯೋಗಶಾಲೆಗಳಲ್ಲಿ ರೂಢಿಯಲ್ಲಿದೆ. ಆದರೆ ಹಳೆಯ ವಾಹನಗಳ ವಿಷಯದಲ್ಲಿ ಈ ವಿಧಾನವನ್ನು ಅನುಸರಿಸಬಾರದು. ನೈಟ್ರೋಸೆಲ್ಯುಲೋಸ್ ಲೇಪವು ಕ್ಷಣಮಾತ್ರದಲ್ಲಿ ಭುಗಿಲೆದ್ದು ಉರಿಯುವ ವಸ್ತು. ಒಂದು ಕಿಡಿಗೆ ಇಡೀ ವಾಹನವೇ ಆಹುತಿಯಾಗಬಹುದು.

ಹೊದಿಕೆಗಿಂತ ಒಳಗಿನ ತುಂಬುವಸ್ತುವು ಕಾಲನಿರ್ಣಯಕ್ಕೆ ಹೆಚ್ಚು ನೆರವಾಗುತ್ತದೆ. ಸುರುಳಿ ಸುತ್ತಿದ ಕುದುರೆಕೂದಲು ಹಳೆಯ ಕೆಲಸದ ಲಕ್ಷಣ. ಕೂದಲನ್ನು ಹಗ್ಗದಂತೆ ಹೊಸೆದು, ಬಿಸಿನೀರಿನಲ್ಲಿ ಕುದಿಸಿ, ಒಣಗಿಸಿ ಬಿಚ್ಚಿದಾಗ ಅದು ಸ್ಪ್ರಿಂಗಿನಂತೆ ಪುಟಿಯುತ್ತಿತ್ತು. ರಬ್ಬರಿನ ಹಾಲಿನಿಂದ ತಯಾರಿಸುವ ನೊರೆಮೆತ್ತೆಯನ್ನು ಡನ್ಲಪ್ ಸಂಸ್ಥೆಯ ವಿಜ್ಞಾನಿಗಳು 1929ರಲ್ಲಿ ರೂಪಿಸಿದರು. ಇಂದು ಎಲ್ಲೆಲ್ಲೂ ಕಾಣುವ ಪಾಲಿಯುರೆಥೇನ್ ಫೋಮಿನ ರಸಾಯನಶಾಸ್ತ್ರಕ್ಕೆ ಜರ್ಮನಿಯ ಒಟ್ಟೊ ಬೇಯರ್ 1937ರಲ್ಲಿ ತಳಹದಿ ಹಾಕಿದರು. ಅದು ಮೆತ್ತೆಗಳಿಗೆ ಬಳಕೆಯಾದುದು 1950ರ ದಶಕದಲ್ಲಿ. ನೈಲಾನ್ ದಾರವು 1930ರ ದಶಕದ ಕೊನೆಯವರೆಗೆ ಮಾರುಕಟ್ಟೆಯಲ್ಲಿ ಇರಲೇ ಇಲ್ಲ. ಹೀಗಿರುವಾಗ 1925ರ ಕಾರೊಂದರ ಆಸನದಲ್ಲಿ ಫೋಮು ಕಂಡರೆ, ಅಥವಾ ಹೊಲಿಗೆಯಲ್ಲಿ ನೈಲಾನ್ ದಾರ ಸಿಕ್ಕರೆ, ಆ ಭಾಗವು ಮೂಲದ್ದಲ್ಲವೆಂಬುದು ಖಚಿತವಾಗುತ್ತದೆ.

ಆದರೆ ಮೇಲಿನ ಪದರ ಹೊಸತೆಂದ ಮಾತ್ರಕ್ಕೆ ಮೂಲವು ಪೂರ್ಣವಾಗಿ ನಾಶವಾಗಿದೆ ಎಂದು ಕೈಬಿಡಬೇಕಾಗಿಲ್ಲ. ಒಂದು ಉದಾಹರಣೆಯನ್ನು ಭಾವಿಸಬಹುದು. ಹಳೆಯ ಕಾರೊಂದರ ಹಿಂದಿನ ಆಸನಕ್ಕೆ ಕೆಂಪು ಪ್ಲಾಸ್ಟಿಕ್ ಹೊದಿಕೆ ಇದೆ. ಅದರ ಕೆಳಗೆ ಫೋಮು ಇದೆ. ಮರದ ಚೌಕಟ್ಟಿನ ಅಂಚನ್ನು ಪರೀಕ್ಷಿಸಿದಾಗ ಮೊಳೆಯ ತೂತುಗಳು ಮೂರು ಸಾಲುಗಳಲ್ಲಿ ಕಾಣುತ್ತವೆ. ಎಂದರೆ ಆಸನಕ್ಕೆ ಬಹುಶಃ ಮೂರು ಸಲ ಹೊದಿಕೆ ಹಾಕಲಾಗಿದೆ. ಒಂದು ಮೂಲೆಯಲ್ಲಿ ತುಕ್ಕು ಹಿಡಿದ ಹಳೆಯ ಮೊಳೆಯ ತಲೆಯ ಕೆಳಗೆ ಬೆರಳುಗುರಿನಷ್ಟು ನೀಲಿ ಉಣ್ಣೆಯ ಚೂರು ಸಿಕ್ಕಿಕೊಂಡಿದೆ. ಬೆಳಕು ತಾಗದೆ ಉಳಿದ ಆ ಚೂರಿನ ಬಣ್ಣ ಮಾಸಿಲ್ಲ. ನಡುವೆ ಹೊಸ ಹೊದಿಕೆ ಹಾಕಿದವನು ಕೀಳಲು ಬೇಸರಪಟ್ಟು ಬಿಟ್ಟ ಆ ಒಂದು ಮೊಳೆಯು ಕಾರಿನ ಮೂಲ ವಸ್ತು, ನೇಯ್ಗೆ, ಬಣ್ಣ ಎಲ್ಲವನ್ನೂ ಕಾಪಾಡಿಟ್ಟಿರುತ್ತದೆ. ಗುಡಿಸಿ ಹೊರಗೆ ಹಾಕುವ ಕಸದಲ್ಲಿ ಇಂತಹ ಚೂರುಗಳು ಎಷ್ಟು ಹೋಗಿವೆಯೋ ಹೇಳಲಾಗದು. ಆದುದರಿಂದಲೇ ಆಸನವನ್ನು ಬಿಚ್ಚುವ ಮುನ್ನ ಮತ್ತು ಬಿಚ್ಚುವಾಗ ಪ್ರತಿಯೊಂದು ಪದರದ ಚಿತ್ರ ತೆಗೆದು, ಅಳತೆ ಬರೆದು, ಚೂರುಗಳನ್ನು ಗುರುತುಚೀಟಿಯೊಡನೆ ಇಡಬೇಕೆಂಬ ನಿಯಮವಿದೆ.

ಇಷ್ಟೆಲ್ಲ ಸಾಕ್ಷ್ಯವನ್ನು ಒಳಗೊಂಡ ಆಸನಕ್ಕೆ ಶತ್ರುಗಳು ಅನೇಕ. ಮೊದಲನೆಯದು ಬೆಳಕು. ಬಿಸಿಲಿನಲ್ಲಿರುವ ನೇರಳಾತೀತ ಕಿರಣಗಳು ಬಣ್ಣವನ್ನು ಮಾಸಿಸುತ್ತವೆ, ಎಳೆಗಳನ್ನು ಪುಡಿಗೊಳಿಸುತ್ತವೆ. ಎರಡನೆಯದು ಹವೆಯ ಏರಿಳಿತ. ಕಲಬುರಗಿ, ಕಮಲಾಪುರಗಳ ಸೀಮೆಯಲ್ಲಿ ಬೇಸಗೆಯ ಉಷ್ಣತೆಯು 40 ಡಿಗ್ರಿ ಸೆಲ್ಸಿಯಸ್ಸನ್ನು ದಾಟುವುದು ಸಾಮಾನ್ಯ. ಆ ಒಣಗಾಳಿಯಲ್ಲಿ ತೊಗಲು ತನ್ನ ತೇವವನ್ನು ಕಳೆದುಕೊಂಡು ಕುಗ್ಗಿ ಬಿರಿಯುತ್ತದೆ. ಮಳೆಗಾಲ ಬಂದೊಡನೆ ಅದೇ ತೊಗಲು ತೇವವನ್ನು ಹೀರಿ ಹಿಗ್ಗುತ್ತದೆ, ಬೂಷ್ಟು ಹಿಡಿಯುತ್ತದೆ. ವರ್ಷವರ್ಷವೂ ನಡೆಯುವ ಈ ಹಿಗ್ಗುಕುಗ್ಗುಗಳೇ ಹೊಲಿಗೆಗಳನ್ನು ಹರಿಯುತ್ತವೆ. ಮೂರನೆಯದು ಧೂಳು. ನುಣ್ಣನೆಯ ಮಣ್ಣಿನ ಕಣಗಳು ಎಳೆಗಳ ನಡುವೆ ಸೇರಿ, ಕುಳಿತಾಗಲೆಲ್ಲ ಅರದಂತೆ ಅವುಗಳನ್ನು ಉಜ್ಜುತ್ತವೆ. ನುಸಿ, ಗೆದ್ದಲು, ಇಲಿಗಳ ಹಾವಳಿಯನ್ನು ಬೇರೆ ಹೇಳಬೇಕಾಗಿಲ್ಲ.

ಕೆಲವು ಕೇಡುಗಳು ವಸ್ತುವಿನ ಒಳಗೇ ಹುಟ್ಟುತ್ತವೆ. ತೊಗಟೆಯಿಂದ ಹದಗೊಂಡ ತೊಗಲು ಗಾಳಿಯಲ್ಲಿನ ಗಂಧಕದ ಅನಿಲಗಳನ್ನು ಹೀರಿ ಆಮ್ಲೀಯವಾಗುತ್ತದೆ. ಕ್ರಮೇಣ ಅದರ ಮೇಲ್ಮೈ ಕೆಂಪು ಪುಡಿಯಾಗಿ ಉದುರತೊಡಗುತ್ತದೆ. ಇದನ್ನು ತಜ್ಞರು ಕೆಂಗೊಳೆ ಎನ್ನಬಹುದಾದ ರೋಗವೆಂದು ಪರಿಗಣಿಸುತ್ತಾರೆ. ಇದನ್ನು ನಿಲ್ಲಿಸಬಹುದೇ ಹೊರತು ಹಿಂದಿನ ಸ್ಥಿತಿಗೆ ತರಲಾಗದು. ಕಬ್ಬಿಣದ ಮೊಳೆಗಳು ತೊಗಲಿನ ಒಗರಿನೊಡನೆ ಸೇರಿದಲ್ಲಿ ಕಪ್ಪು ಕಲೆಗಳು ಮೂಡುತ್ತವೆ. ಹಿಂದಿನವರು ಅಳಲೆಕಾಯಿಯ ಕಷಾಯಕ್ಕೆ ಕಬ್ಬಿಣದ ಅಂಶವನ್ನು ಸೇರಿಸಿ ಶಾಯಿ ಮಾಡುತ್ತಿದ್ದುದು ಇದೇ ತತ್ತ್ವದಿಂದ. ಪಿ.ವಿ.ಸಿ. ಹೊದಿಕೆಯನ್ನು ಮೆತ್ತಗಿರಿಸುವ ತೈಲದಂತಹ ದ್ರವವು ಕಾಲಕ್ರಮದಲ್ಲಿ ಹೊರಗೆ ಒಸರಿ, ಮೇಲ್ಮೈ ಅಂಟಂಟಾಗುತ್ತದೆ.

ಎಲ್ಲ ಶತ್ರುಗಳಿಗಿಂತ ದೊಡ್ಡ ಶತ್ರು ಮನುಷ್ಯನ ಅತಿಯಾದ ಅಕ್ಕರೆ. ತೊಗಲು ಹೊಳೆಯಲೆಂದು ಎಣ್ಣೆ ಸವರುವುದು ಹಿಂದಿನಿಂದ ನಡೆದುಬಂದ ಪದ್ಧತಿ. ಆದರೆ ಹೆಚ್ಚಾದ ಎಣ್ಣೆಯು ತೊಗಲನ್ನು ಕಪ್ಪಾಗಿಸಿ, ಧೂಳನ್ನು ಹಿಡಿದು, ಜಿಗುಟಾಗುತ್ತದೆ. ಆದಕಾರಣ ವಸ್ತುಸಂಗ್ರಹಾಲಯಗಳು ಇಂದು ಈ ಪದ್ಧತಿಯನ್ನು ಸಾಮಾನ್ಯವಾಗಿ ಕೈಬಿಟ್ಟಿವೆ. ಕೆಂಪು ಪುಡಿಯಾಗುತ್ತಿರುವ ತೊಗಲನ್ನು ಒದ್ದೆ ಬಟ್ಟೆಯಿಂದ ಒರೆಸಿದರೆ ಅದು ಕಪ್ಪಾಗಿ ಕಲ್ಲಿನಂತೆ ಗಟ್ಟಿಯಾಗುತ್ತದೆ. ಸೋಪು ಹಾಕಿ ಉಜ್ಜಿದ ಉಣ್ಣೆ ಕುಗ್ಗುತ್ತದೆ. ಪ್ಲಾಸ್ಟಿಕ್ ಹಾಳೆ ಮುಚ್ಚಿಟ್ಟರೆ ಒಳಗಿನ ತೇವ ಹೊರಹೋಗದೆ ಬೂಷ್ಟಿಗೆ ಮನೆಯಾಗುತ್ತದೆ. ಒಳ್ಳೆಯ ಉದ್ದೇಶದಿಂದಲೇ ಮಾಡಿದ ಇಂತಹ ಉಪಚಾರಗಳಿಂದ ನಾಶವಾದ ಆಸನಗಳು ಕಡಿಮೆಯಲ್ಲ.

ಸರಿಯಾದ ಸಂರಕ್ಷಣೆಯು ಆಡಂಬರವಿಲ್ಲದ ಕೆಲಸ. ವಾಹನವನ್ನು ನೇರ ಬಿಸಿಲು ಬೀಳದ ಕೋಣೆಯಲ್ಲಿರಿಸಿ, ಒಗೆದ ಬಿಳಿಯ ಹತ್ತಿಬಟ್ಟೆಯನ್ನು ಹೊದಿಸುವುದು ಮೊದಲ ಹೆಜ್ಜೆ. ಗಾಳಿಯ ಸಾಪೇಕ್ಷ ಆರ್ದ್ರತೆಯು ಶೇಕಡಾ 45ರಿಂದ 55ರ ಆಸುಪಾಸಿನಲ್ಲಿ ಏರುಪೇರಿಲ್ಲದೆ ಇದ್ದರೆ ತೊಗಲಿಗೂ ಬಟ್ಟೆಗೂ ಹಿತ. ಬಟ್ಟೆಗಳ ಮೇಲೆ ಬೀಳುವ ಬೆಳಕು 50 ಲಕ್ಸ್ ಮೀರಬಾರದೆಂಬುದು ವಸ್ತುಸಂಗ್ರಹಾಲಯಗಳು ಪಾಲಿಸುವ ಮಿತಿ. ಧೂಳನ್ನು ಮೃದುವಾದ ಕುಂಚದಿಂದ ಎಬ್ಬಿಸಿ, ಬಲೆಬಟ್ಟೆ ಕಟ್ಟಿದ ಹೀರುಯಂತ್ರದಿಂದ ಮೆಲ್ಲನೆ ಸೆಳೆದುಕೊಳ್ಳಬೇಕು. ಹುಳು ಬಿದ್ದ ಮೆತ್ತೆಯನ್ನು ಬಿಗಿಯಾಗಿ ಕಟ್ಟಿ, ಸೊನ್ನೆಗಿಂತ 20 ಡಿಗ್ರಿ ಕೆಳಗಿನ ಶೈತ್ಯದಲ್ಲಿ ಒಂದೆರಡು ವಾರ ಇರಿಸಿದರೆ ವಿಷದ ಹಂಗಿಲ್ಲದೆ ಹುಳುಗಳು ಸಾಯುತ್ತವೆ. ಹಿಂದೆ ಕೀಟನಾಶಕಗಳನ್ನು ಧಾರಾಳವಾಗಿ ಬಳಸಿರುವ ಸಂಭವವುಂಟಾದ್ದರಿಂದ ಕೆಲಸ ಮಾಡುವವರು ಕೈಗವಸು, ಮುಖಗವಸುಗಳನ್ನು ಧರಿಸುವುದು ಅವಶ್ಯಕ.

ಹರಿದುದನ್ನು ಸರಿಪಡಿಸುವಲ್ಲಿಯೂ ಮೂರು ಸೂತ್ರಗಳುಂಟು. ಅಗತ್ಯವಿದ್ದಷ್ಟೇ ಕೈಹಾಕಬೇಕು, ಮಾಡಿದ ಕೆಲಸವನ್ನು ಮುಂದೆ ಬೇಕಾದಾಗ ಬಿಚ್ಚುವಂತಿರಬೇಕು, ಮಾಡಿದುದೆಲ್ಲವನ್ನೂ ಬರೆದಿಡಬೇಕು. ಹರಿದ ತೊಗಲಿನ ಹಿಂಬದಿಗೆ ತೆಳುವಾದ ಬಟ್ಟೆಯನ್ನಾಗಲಿ ಕಾಗದವನ್ನಾಗಲಿ ಇರಿಸಿ ಗೋಧಿಯ ಪಿಷ್ಟದಂತಹ ಸುಲಭವಾಗಿ ಬಿಡಿಸಬಹುದಾದ ಅಂಟಿನಿಂದ ಕೂಡಿಸುತ್ತಾರೆ. ಪುಡಿಯಾಗುವ ತೊಗಲಿನ ಮೇಲೆ ಆಲ್ಕೊಹಾಲಿನಲ್ಲಿ ಕರಗಿಸಿದ ಸೆಲ್ಯುಲೋಸಿನ ಒಂದು ರೂಪವನ್ನು ಲೇಪಿಸಿ ಕಣಗಳನ್ನು ಹಿಡಿದು ನಿಲ್ಲಿಸುತ್ತಾರೆ. ಬಿಚ್ಚಿದ ಹೊಲಿಗೆಯನ್ನು ಹಳೆಯ ತೂತುಗಳಲ್ಲಿಯೇ ಸೂಜಿ ತೂರಿಸಿ ಹೊಲಿಯುತ್ತಾರೆ. ಹೊಸ ತೂತು ಹೊಸ ಗಾಯವಿದ್ದಂತೆ. ಆಸನದ ಮೇಲೆ ಕುಳಿತು ವಾಹನವನ್ನು ಓಡಿಸಲೇಬೇಕಾದಲ್ಲಿ ಹಳೆಯ ಹೊದಿಕೆಯನ್ನು ಕೀಳದೆ, ಅದರ ಮೇಲೆ ತೆಗೆದುಹಾಕಬಹುದಾದ ಹೊಸ ಹೊದಿಕೆಯನ್ನು ತೊಡಿಸುವುದು ಜಾಣತನ.

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ಹಳೆಯ ವಾಹನವು ಹೊಚ್ಚಹೊಸದರಂತೆ ಹೊಳೆಯಬೇಕೆ, ಅಥವಾ ತನ್ನ ವಯಸ್ಸನ್ನು ತೋರಿಸಬೇಕೆ? ಪ್ರದರ್ಶನಗಳಲ್ಲಿ ಹೊಳಪಿಗೆ ಬಹುಮಾನ ಬರುವುದನ್ನು ಕಂಡು ಅನೇಕರು ಮೂಲ ಆಸನಗಳನ್ನು ಕಿತ್ತು ಹೊಸದನ್ನು ಹಾಕಿಸಿದರು. ಆದರೆ ಈಚಿನ ದಶಕಗಳಲ್ಲಿ ಅಭಿಪ್ರಾಯವು ಬದಲಾಗಿದೆ. ಭಾರತ ಸರ್ಕಾರವು 2021ರಲ್ಲಿ ಮೋಟಾರು ವಾಹನ ನಿಯಮಗಳಿಗೆ ತಿದ್ದುಪಡಿ ತಂದು, 50 ವರ್ಷಗಳಿಗಿಂತ ಹಳೆಯದಾಗಿ, ಮೂಲ ಸ್ವರೂಪವನ್ನು ಉಳಿಸಿಕೊಂಡು, ಗಣನೀಯ ಮಾರ್ಪಾಡಿಗೆ ಒಳಗಾಗದ ದ್ವಿಚಕ್ರ ಮತ್ತು ಚತುಶ್ಚಕ್ರ ವಾಹನಗಳನ್ನು ಪ್ರತ್ಯೇಕ ವರ್ಗವಾಗಿ ನೋಂದಾಯಿಸುವ ಏರ್ಪಾಡು ಮಾಡಿತು. ಮೂಲ ಸ್ವರೂಪವೆಂಬುದಕ್ಕೆ ಕಾನೂನಿನಲ್ಲಿಯೂ ಬೆಲೆ ಬಂದಿತು. ಆದರೂ ಹೊಸ ಹೊದಿಕೆ ಹಾಕುವುದೇ ಅಪರಾಧವೆಂದು ಭಾವಿಸಬೇಕಾಗಿಲ್ಲ. ಮೂಲವು ಸಂಪೂರ್ಣವಾಗಿ ಅಳಿದಿದ್ದರೆ ಅದನ್ನು ಅರಿತು, ಹೋಲುವ ವಸ್ತುವಿನಿಂದ ಮತ್ತೆ ಮಾಡುವುದೂ ಗೌರವದ ಕೆಲಸವೇ. ಇದ್ದುದನ್ನು ಅರಿಯದೆ ಕೀಳುವುದು ಮಾತ್ರ ತುಂಬಲಾರದ ನಷ್ಟ.

ಅರಸರ ಕಾರುಗಳಿಗೆ ಕಾವಲುಗಾರರಿದ್ದಾರೆ. ಟಾಂಗಾದ ಹಾಸು, ಸವಾರಿ ಬಂಡಿಯ ಗಾದಿ, ಹಳೆಯ ಬಸ್ಸಿನ ಸೀಟುಗಳಿಗೆ ಅಂತಹ ಕಾವಲಿಲ್ಲ. ಹಿತ್ತಿಲಿನ ಮೂಲೆಯಲ್ಲಿ, ಕೊಟ್ಟಿಗೆಯ ಅಟ್ಟದಲ್ಲಿ ಅವು ಬಿದ್ದಿರುತ್ತವೆ. ಒಳಗಿನ ನಾರು ಹೊರಬಂದ ಅಂತಹ ಗಾದಿಯೊಂದು ಕಂಡಾಗ ಅದನ್ನು ಒಲೆಗೆ ಹಾಕುವ ಮೊದಲು ಒಮ್ಮೆ ತಿರುಗಿಸಿ ನೋಡುವುದು ಒಳಿತು. ಅದರ ಹೊಲಿಗೆಯಲ್ಲಿ ಹೆಸರಿಲ್ಲದ ಕುಶಲಕರ್ಮಿಯ ಕೈ ಇದೆ. ಸವೆದ ಜಾಗದಲ್ಲಿ ಸಂತೆಗೆ, ಜಾತ್ರೆಗೆ, ತವರಿಗೆ ಹೋದವರ ಪ್ರಯಾಣವಿದೆ. ಕೋಟೆಯ ಕಲ್ಲುಗಳು ಆಳಿದವರ ಕಥೆಯನ್ನು ಹೇಳಲು ಹೇಗೂ ಉಳಿಯುತ್ತವೆ. ಸಾಮಾನ್ಯ ಜನರ ಕಥೆಯನ್ನು ಹೇಳುವ ಬಟ್ಟೆ, ನಾರು, ತೊಗಲುಗಳು ತಾವಾಗಿ ಉಳಿಯಲಾರವು, ಅವುಗಳನ್ನು ಉಳಿಸಬೇಕಾಗುತ್ತದೆ.